ಮಿಲ್ಫರ್ಡ್ ಕಾಲುದಾರಿ ಮತ್ತು ಅದರ ಮಾರ್ಗದರ್ಶಕರು



ಭೂಪಟದಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನೈಋತ್ಯ ಅಂಚನ್ನೊಮ್ಮೆ ನೋಡಿರಿ. ಕರಾವಳಿಯು ಅಲ್ಲಿ ಗರಗಸದ ಹಲ್ಲುಗಳಂತೆ ಸೀಳಿಹೋಗಿದೆ. ಹಿಮನದಿಗಳು ಕೊರೆದ ಕಣಿವೆಗಳಿಗೆ ಸಮುದ್ರವು ನುಗ್ಗಿ ಉಂಟಾದ ಇಂತಹ ಕೊಲ್ಲಿಗಳಿಗೆ ‘ಫಿಯೋರ್ಡ್’ ಎಂದು ಹೆಸರು. ಅವುಗಳಲ್ಲೊಂದಾದ ಮಿಲ್ಫರ್ಡ್ ಸೌಂಡಿನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆಗುಂಬೆಯ ಮಳೆಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟಿ ಅನೌ ಸರೋವರದ ತುದಿಯಿಂದ ಈ ಕೊಲ್ಲಿಯವರೆಗೆ ಸುಮಾರು 53 ಕಿಲೋಮೀಟರುಗಳ ಕಾಲುದಾರಿಯೊಂದಿದೆ. ಅದರ ಇತಿಹಾಸವು ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿದೆ.

ಪೌನಮು ಎಂಬ ಹಸಿರು ಶಿಲೆಯನ್ನು ಅರಸಿ ಮಾವೊರಿ ಜನರು ಯುರೋಪಿಯನ್ನರಿಗಿಂತ ಎಷ್ಟೋ ಮೊದಲೇ ಈ ಸೀಮೆಗೆ ಬರುತ್ತಿದ್ದರು. ಆದರೆ ಪಠ್ಯಗಳಲ್ಲಿ ‘ಕಂಡುಹಿಡಿದವರು’ ಎಂಬ ಗೌರವವು ಬೇರೆಯವರಿಗೆ ಸಂದಿತು. 1880ರಲ್ಲಿ ಡೊನಾಲ್ಡ್ ಸದರ್ಲೆಂಡ್ ಇಲ್ಲಿನ 580 ಮೀಟರ್ ಎತ್ತರದ ಜಲಪಾತವನ್ನು ಕಂಡನು; ಇದು ನಮ್ಮ ಜೋಗದ ಎರಡು ಪಟ್ಟಿಗಿಂತಲೂ ಹೆಚ್ಚು. 1888ರಲ್ಲಿ ಕ್ವಿಂಟಿನ್ ಮೆಕಿನನ್ ಮತ್ತು ಅರ್ನೆಸ್ಟ್ ಮಿಚೆಲ್ ಎಂಬಿಬ್ಬರು ಪರ್ವತವನ್ನು ದಾಟುವ ಕಣಿವೆದಾರಿಯನ್ನು ಕಂಡುಕೊಂಡರು. ಮೆಕಿನನ್ನನೇ ಈ ಮಾರ್ಗದ ಮೊದಲ ಮಾರ್ಗದರ್ಶಕನಾದನು. ಪ್ರವಾಸಿಗರನ್ನು ಕರೆದೊಯ್ದನು, ಅಂಚೆಯನ್ನೂ ಹೊತ್ತನು. 1892ರಲ್ಲಿ ದೋಣಿಯಲ್ಲಿ ಒಬ್ಬನೇ ಹೊರಟವನು ಟಿ ಅನೌ ಸರೋವರದಲ್ಲಿ ಕಣ್ಮರೆಯಾದನು. ದೋಣಿ ಸಿಕ್ಕಿತು, ದೇಹ ಸಿಗಲಿಲ್ಲ. ಅವನ ಸ್ಮರಣೆಗಾಗಿ ಕಟ್ಟಿದ ಕಲ್ಲುಗೋಪುರವು ಆ ಘಟ್ಟದ ನೆತ್ತಿಯಲ್ಲಿ ಇಂದಿಗೂ ನಿಂತಿದೆ.

1901ರಲ್ಲಿ ನ್ಯೂಜಿಲೆಂಡ್ ಸರ್ಕಾರವು ಪ್ರವಾಸೋದ್ಯಮಕ್ಕೆಂದೇ ಒಂದು ಇಲಾಖೆಯನ್ನು ಸ್ಥಾಪಿಸಿತು. ಕೆಲವೇ ವರ್ಷಗಳಲ್ಲಿ ಈ ಕಾಲುದಾರಿಯೂ ಅದರ ವಶವಾಯಿತು. 1908ರಲ್ಲಿ ಬ್ಲಾಂಚ್ ಬಾನ್ ಎಂಬ ಲೇಖಕಿಯ ಪ್ರಬಂಧವು ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಪಾದಕರು ಅದಕ್ಕೆ ‘ಜಗತ್ತಿನ ಅತ್ಯುತ್ತಮ ನಡಿಗೆ’ ಎಂಬರ್ಥದ ಶೀರ್ಷಿಕೆ ಕೊಟ್ಟರು. ಅದೇ ಬಿರುದು ದಾರಿಗೆ ಶಾಶ್ವತವಾಗಿ ಅಂಟಿಕೊಂಡಿತು.

ಆದರೆ ಆ ಸೊಬಗನ್ನು ಕಾಣಲು ಹಣ ತೆತ್ತು, ಮಾರ್ಗದರ್ಶಕರ ತಂಡದೊಡನೆಯೇ ನಡೆಯಬೇಕಾಗಿತ್ತು. 1952ರಲ್ಲಿ ಈ ಸೀಮೆಯು ರಾಷ್ಟ್ರೀಯ ಉದ್ಯಾನವಾದ ಮೇಲೂ ಪರಿಸ್ಥಿತಿ ಬದಲಾಗಲಿಲ್ಲ. ಸಾರ್ವಜನಿಕ ನೆಲದಲ್ಲಿ ಸಾಮಾನ್ಯನೊಬ್ಬನು ತನ್ನ ಬುತ್ತಿಯನ್ನು ತಾನೇ ಹೊತ್ತು ನಡೆಯಬಾರದೇಕೆ? 1964ರಲ್ಲಿ ಒಟಾಗೊ ಪ್ರಾಂತದ ಚಾರಣಿಗರು ಇದೇ ಪ್ರಶ್ನೆಯನ್ನು ಮುಂದಿಟ್ಟು ‘ಸ್ವಾತಂತ್ರ್ಯ ನಡಿಗೆ’ ಕೈಗೊಂಡರು. ಘೋಷಣೆಗಿಂತ ಹೆಜ್ಜೆಗಳೇ ಮಾತನಾಡಿದವು. ಮುಂದಿನ ಎರಡು ವರ್ಷಗಳಲ್ಲಿ ಸ್ವತಂತ್ರವಾಗಿ ನಡೆಯುವವರಿಗೂ ಪ್ರತ್ಯೇಕ ತಂಗುದಾಣಗಳು ದೊರೆತವು, ದಾರಿ ತೆರೆಯಿತು.

ಇಂದು ಎರಡು ಕ್ರಮಗಳೂ ಜೊತೆಜೊತೆಗೇ ಇವೆ. ಬೇಸಿಗೆಯ ಋತುವಿನಲ್ಲಿ ದಿನಕ್ಕೆ 40 ಮಂದಿ ಸ್ವತಂತ್ರ ಚಾರಣಿಗರಿಗಷ್ಟೇ ಅವಕಾಶ. ಈ ಮಿತಿಯು ಕಾಡಿನ ಹಿತಕ್ಕೂ ಅಗತ್ಯವೆಂದು ನನಗೆ ತೋರುತ್ತದೆ.

ಮಾರ್ಗದರ್ಶಕನನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ದಾರಿಗಾಗಿ ಬಾಳನ್ನೇ ಸವೆಸಿದ ಮೆಕಿನನ್ನನ ಋಣ ದೊಡ್ಡದು. ಆದರೆ ದಾರಿ ತೋರಿಸುವುದು ಬೇರೆ, ದಾರಿಯ ಒಡೆತನ ಬೇರೆ. ದಶಕಗಳ ಕಾಲ ತರಗತಿಯಲ್ಲಿ ನಿಂತ ನನಗೆ ಈ ವ್ಯತ್ಯಾಸವು ಮುಖ್ಯವೆನಿಸುತ್ತದೆ. ನಿಮ್ಮಲ್ಲಿ ಯಾರಾದರೂ ಆ ಘಟ್ಟವನ್ನು ಹತ್ತಿ ಬಂದಿದ್ದರೆ ದಯವಿಟ್ಟು ಬರೆದು ತಿಳಿಸಿರಿ.