ದರಕಿನಿಂದ ಸರಕಿಗೆ: ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಪೈನ್ ಸ್ಟ್ರಾ ಉತ್ಪಾದನೆಯ ಚರಿತ್ರೆ

ಉತ್ತರ ಕ್ಯಾರೊಲೈನಾ, ಜಾರ್ಜಿಯಾ, ಫ್ಲಾರಿಡಾ ಮುಂತಾದ ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಪೈನ್ ಮರದ ಉದುರಿದ ಸೂಜಿಯೆಲೆಗೆ ಪೈನ್ ಸ್ಟ್ರಾ ಎಂದು ಹೆಸರು. ಮಣ್ಣಿನ ತೇವ ಆರದಂತೆ, ಕಳೆ ಏಳದಂತೆ ಗಿಡಗಳ ಬುಡಕ್ಕೆ ಹಾಸುವ ಹೊದಿಕೆಯಾಗಿ ಇದು ಮಾರಾಟವಾಗುತ್ತದೆ. ಮಲೆನಾಡಿನ ತೋಟಿಗರು ದರಕು ಎನ್ನುವ ಇಂಥ ಒಣ ಎಲೆ ಅಲ್ಲಿ ಪ್ರತ್ಯೇಕ ಬೆಳೆಯಾದ ಬಗೆಯನ್ನು ಆ ಕಾಡುಗಳ ಬಳಕೆಯ ಚರಿತ್ರೆಯಲ್ಲಿಟ್ಟು ನೋಡಬೇಕಾಗುತ್ತದೆ.

ಯುರೋಪಿಯನ್ನರು ನೆಲೆಸುವ ಮುನ್ನ ಲಾಂಗ್‌ಲೀಫ್ ಪೈನ್, ಅಂದರೆ ನೀಳ ಎಲೆಯ ಪೈನ್, ಪ್ರಧಾನವಾಗಿದ್ದ ಕಾಡು ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆಯಲ್ಲಿ ಹಬ್ಬಿತ್ತು. ಹಡಗುಗಳಿಗೆ ಬೇಕಾದ ಡಾಂಬರು ಮತ್ತು ರಾಳವನ್ನು ವಸಾಹತುಗಳಿಂದ ತರಿಸಲು ಬ್ರಿಟಿಷ್ ಸಂಸತ್ತು 1705ರಲ್ಲಿ ಪ್ರೋತ್ಸಾಹಧನ ಘೋಷಿಸಿದ ಮೇಲೆ ಈ ಕಾಡು ವಾಣಿಜ್ಯದ ಕಣ್ಣಿಗೆ ಬಿತ್ತು. ಕಾಂಡದ ಬುಡದಲ್ಲಿ ಆಳವಾದ ಗುಳಿ ಕೊರೆದು ರಾಳ ಇಳಿಸುತ್ತಿದ್ದುದರಿಂದ ಮರಗಳು ಸೊರಗುತ್ತಿದ್ದವು. 20ನೆಯ ಶತಮಾನದ ಆರಂಭದಲ್ಲಿ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಹರ್ಟಿ ಬಳಕೆಗೆ ತಂದ, ಗುಳಿಯ ಬದಲು ಬಟ್ಟಲು ಕಟ್ಟುವ ವಿಧಾನ ಈ ಗಾಯವನ್ನು ತಗ್ಗಿಸಿತಾದರೂ, ಅಷ್ಟರಲ್ಲಿ ರೈಲುಮಾರ್ಗಗಳ ಜೊತೆ ಬಂದ ಮರದ ವ್ಯಾಪಾರ ಕಾಡಿನ ಬಹುಭಾಗವನ್ನು ಬರಿದು ಮಾಡತೊಡಗಿತ್ತು.

1933ರಲ್ಲಿ ಆರಂಭವಾದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಸರ್ಕಾರಿ ಉದ್ಯೋಗ ಯೋಜನೆಯ ನೆಡುವಿಕೆ, ಹೊಲಗಳನ್ನು ಬೇಸಾಯದಿಂದ ಬಿಡಿಸುವ 1956ರ ಸಾಯಿಲ್ ಬ್ಯಾಂಕ್ ಯೋಜನೆ ಹಾಗೂ 1985ರ ಕನ್ಸರ್ವೇಶನ್ ರಿಸರ್ವ್ ಯೋಜನೆಗಳ ಮೂಲಕ ಬೋಳು ನೆಲವೂ ಸವೆದ ಹೊಲಗಳೂ ಮತ್ತೆ ಪೈನ್ ಕಂಡವು. ಸಾಲು ಹಿಡಿದು ನೆಟ್ಟ, ಪೊದೆ ಕಡಿಮೆಯಿರುವ ಹಳೆಯ ಹೊಲದ ನೆಡುತೋಪುಗಳಲ್ಲಿ ಎಲೆ ಶುಚಿಯಾಗಿ ಸಿಗುವುದರಿಂದ, ಮರ ಕಡಿಯುವ ವಯಸ್ಸು ಬರುವವರೆಗಿನ ದೀರ್ಘ ಕಾಯುವಿಕೆಯಲ್ಲಿ ಪೈನ್ ಸ್ಟ್ರಾ ಭೂಮಾಲೀಕರಿಗೆ ನಡುವಣ ಆದಾಯವಾಯಿತು.

ನಿರ್ವಹಣೆಯ ಕ್ರಮಗಳು ಮರದ ಸ್ವಭಾವವನ್ನು ಅನುಸರಿಸಿ ರೂಪುಗೊಂಡವು. ಲಾಂಗ್‌ಲೀಫ್‌ನ ಎಲೆ ಉದ್ದವಾಗಿದ್ದು ಒಂದಕ್ಕೊಂದು ಹೆಣೆದುಕೊಂಡು ನಿಲ್ಲುವುದರಿಂದ ಅದಕ್ಕೆ ಬೆಲೆ ಹೆಚ್ಚು. ಸ್ಲ್ಯಾಶ್ ಪೈನ್ ಅದರ ನಂತರದ್ದು. ಗಿಡ್ಡ ಎಲೆಯ ಲಾಬ್ಲಾಲಿಗೆ ಬೇಡಿಕೆ ಕಡಿಮೆ. ನೆತ್ತಿಗಳು ಕೂಡಿಕೊಂಡ ತೋಪಿನಲ್ಲಿ ಎಲೆ ಹೇರಳವಾಗಿ, ಮುಖ್ಯವಾಗಿ ಶರತ್ಕಾಲದಲ್ಲಿ, ಉದುರುತ್ತದೆ. ಆದ್ದರಿಂದ ಪೊದೆ ತೆಗೆದು, ಕೆಳಕೊಂಬೆ ಸವರಿ, ಬಿದ್ದ ಕಾಯಿ ಕಡ್ಡಿಗಳನ್ನು ಹೆಕ್ಕಿ ನೆಲವನ್ನು ಸಿದ್ಧಗೊಳಿಸಿದ ಮೇಲೆ ಎಲೆ ಬಾಚಿ ಪೆಂಡಿ ಕಟ್ಟಲಾಗುತ್ತದೆ. ದಿಮ್ಮಿಗಾಗಿ ಮರಗಳನ್ನು ವಿರಳಗೊಳಿಸಿದಾಗ ಎಲೆಯ ಇಳುವರಿ ಕೆಲವು ವರ್ಷ ಕುಗ್ಗುವುದರಿಂದ ಎರಡೂ ಆದಾಯಗಳನ್ನು ತೂಗಿ ನೋಡುವುದು ಅನಿವಾರ್ಯ.

ಆದರೆ ಎಲೆಯೊಡನೆ ಸಾರಜನಕ, ರಂಜಕ, ಪೊಟ್ಯಾಶಿಯಂ, ಕ್ಯಾಲ್ಸಿಯಂಗಳೂ ತೋಪಿನಿಂದ ಹೊರಹೋಗುತ್ತವೆ. ಮರಳುನೆಲ ಈ ನಷ್ಟವನ್ನು ತಾಳಲಾರದು, ಇಳಿಜಾರಿನಲ್ಲಿ ಸವಕಳಿಯ ಭಯವೂ ಉಂಟು. ಅಲ್ಲದೆ ಲಾಂಗ್‌ಲೀಫ್ ಕಾಡು ಆಗಾಗ ಬರುವ ಹಗುರ ನೆಲಬೆಂಕಿಯಿಂದ ಉಳಿದು ಬಂದದ್ದು. ಆ ಬೆಂಕಿಯನ್ನು ಹರಡುವ ಒಣ ಎಲೆಯೂ ವೈರ್‌ಗ್ರಾಸ್ ಎಂಬ ಹುಲ್ಲೂ ಪದೇಪದೇ ಬಾಚುವಿಕೆಯಿಂದ ಕ್ಷೀಣಿಸಿದರೆ, 1970ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿದ ರೆಡ್-ಕಾಕೇಡೆಡ್ ಮರಕುಟಿಗದಂಥ ಜೀವಿಗಳ ನೆಲೆಗೂ ಧಕ್ಕೆ ತಪ್ಪದು.

ರಾಳದ ಯುಗ ಮರವನ್ನು ಗಾಯಗೊಳಿಸಿತು, ದಿಮ್ಮಿಯ ಯುಗ ಅದನ್ನು ಉರುಳಿಸಿತು. ಪೈನ್ ಸ್ಟ್ರಾ ಮರವನ್ನು ನಿಲ್ಲಿಸಿಕೊಂಡೇ ಲಾಭ ಕೊಡುತ್ತದೆಯಾದರೂ ಅದರ ಬೆಲೆಯನ್ನು ಮಣ್ಣು ತೆರುತ್ತದೆ. ಗೊಬ್ಬರ ನೀಡುವುದು, ನಡುನಡುವೆ ವರ್ಷಗಳನ್ನು ಬಿಟ್ಟು ಬಾಚುವುದು, ಸಹಜ ಕಾಡುಗಳನ್ನು ಬಿಟ್ಟು ಹಳೆಯ ಹೊಲದ ತೋಪುಗಳನ್ನೇ ಆರಿಸಿಕೊಳ್ಳುವುದು, ಇವು ಆ ಬೆಲೆಯನ್ನು ತಗ್ಗಿಸುವ ಮಾರ್ಗಗಳು. ಎಷ್ಟು ಬಾಚಬೇಕೆಂಬುದರಷ್ಟೇ ಎಷ್ಟನ್ನು ನೆಲಕ್ಕೆ ಬಿಡಬೇಕೆಂಬುದೂ ಈ ನಿರ್ವಹಣೆಯ ಮೂಲಪ್ರಶ್ನೆಯೆಂದು ಮೂರು ಶತಮಾನಗಳ ಈ ಚರಿತ್ರೆ ಸ್ಪಷ್ಟಪಡಿಸುತ್ತದೆ.