ಹೊನ್ನಾರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯು ತೆಂಗಿಗೂ ಕೊಬ್ಬರಿಗೂ ಹೆಸರಾದುದು. ಆದರೂ ಅಲ್ಲಿಯ ಒಕ್ಕಲಿನ ವರ್ಷವು ಮೊದಲಾಗುವುದು ಮರದಿಂದಲ್ಲ, ನೇಗಿಲಿನಿಂದ. ಯುಗಾದಿಯಲ್ಲಿ ಪಂಚಾಂಗಶ್ರವಣವಾದಮೇಲೆ, ಆ ಸಂವತ್ಸರವು ಯಾರ ಹೆಸರಿಗೆ ಅನುಕೂಲವೆಂದು ನೋಡಿ ಆತನ ಆರನ್ನು ಮುಂದುಮಾಡುವರು. ಎತ್ತುಗಳ ಮೈ ತೊಳೆದು, ಸಿಂಗರಿಸಿ, ನೇಗಿಲಿಗೆ ಪೂಜೆ ಸಲ್ಲಿಸಿದ ತರುವಾಯ ಊರವರ ಆರುಗಳು ಒಂದರ ಹಿಂದೊಂದಾಗಿ ಹೊರಟು ಹೊಲದಲ್ಲಿ ಕೆಲವು ಸಾಲುಗಳನ್ನು ಮಾತ್ರ ಉತ್ತು ಹಿಂದಿರುಗುವುವು. ಹಳೆಯ ಮೈಸೂರಿನ ಇತರ ಸೀಮೆಗಳಲ್ಲಿಯೂ ಇರುವ ಈ ಆಚಾರಕ್ಕೆ ಹೊನ್ನಾರು ಎಂದು ಹೆಸರು.

ಹೊನ್ನು, ಆರು ಎಂಬೆರಡು ಪದಗಳು ಲೋಪಸಂಧಿಯಿಂದ ಕೂಡಿ ಈ ಶಬ್ದವಾಗಿದೆ. ಆರು ಎಂದರೆ ಎತ್ತು ಹೂಡಿದ ನೇಗಿಲು. ಸಂಸ್ಕೃತವನ್ನೋದಿದವನಿಗೆ ಇಲ್ಲಿ ಒಡನೆಯೇ ಕೃಷಿಪರಾಶರವು ನೆನಪಿಗೆ ಬರುವುದು. ಅದರ ಹಲಪ್ರಸಾರಣವಿಧಿಯಲ್ಲಿ ನೇಗಿಲಕುಳದ ತುದಿಗೆ ಚಿನ್ನವನ್ನು ಸೇರಿಸಿ ಜೇನನ್ನು ಲೇಪಿಸಬೇಕೆಂದೂ, ಒಂದು, ಮೂರು ಅಥವಾ ಐದು ಗೆರೆಗಳನ್ನು ಎಳೆಯಬೇಕೆಂದೂ ಹೇಳಿದೆ. ಪಾಲಿಯ ನಿದಾನಕಥೆಯಲ್ಲಿ ಶುದ್ಧೋದನನು ಬಿತ್ತನೆಯ ಮಂಗಲದಂದು ಹಿಡಿದ ನೇಗಿಲೂ ಹೊನ್ನಿನಿಂದ ಅಲಂಕೃತವಾದುದೇ. ಆದುದರಿಂದ ನಮ್ಮ ಹೊನ್ನಾರು ಶಾಸ್ತ್ರವಿಧಿಯ ಕನ್ನಡಾನುವಾದವೆಂದು ಹೇಳಿಬಿಡುವುದು ಸುಲಭ. ಈ ಲೇಖಕನೂ ಬಹುಕಾಲ ಹಾಗೆಯೇ ಎಣಿಸಿದ್ದನು. ಆದರೆ ವಿಚಾರಮಾಡಿದರೆ ಆ ಮತವು ನಿಲ್ಲುವುದಿಲ್ಲ.

ಮೊದಲನೆಯದು, ಕಾಲಭೇದ. ಹೇಮಂತದ ಉಳುಮೆಯೇ ಚಿನ್ನ, ವಸಂತದ್ದು ತಾಮ್ರ ಬೆಳ್ಳಿಗಳು ಎಂಬುದು ಕೃಷಿಪರಾಶರದ ಎಣಿಕೆ. ನಮ್ಮವರ ಹೊನ್ನಾರಾದರೋ ವಸಂತದ್ದು. ಎರಡನೆಯದು, ಪ್ರಯೋಜನಭೇದ. ಯುಗಾದಿಯು ಯಾವಾಗಲೂ ಸೂರ್ಯನು ಮೀನರಾಶಿಯಲ್ಲಿರುವಾಗಲೇ ಬರುವುದು. ಅಶ್ವಿನಿಯ ಮಳೆಯ ಗಣನೆ ಮೇಷಸಂಕ್ರಮಣದ ಮೇಲೆ, ಎಂದರೆ ಏಪ್ರಿಲ್ 14ರ ಸುಮಾರಿಗೆ, ಮೊದಲಾಗುವುದು. ಮುಂಗಾರಿನ ಹೆಸರು, ಎಳ್ಳುಗಳ ಬಿತ್ತನೆಗೆ ಮಳೆಯಿಂದ ನೆಲ ಹದವಾಗಬೇಕು. ಹೊನ್ನಾರಿನ ದಿನ ನೆಲವು ಸಾಮಾನ್ಯವಾಗಿ ಒಣಗಿಯೇ ಇರುವುದು. ಆ ಸಾಲು ಬೆಳೆಗಾಗಿ ಎಳೆದುದಲ್ಲ, ವರ್ಷದ ತಲೆಯಲ್ಲಿ ಎಳೆದ ಮಂಗಳದ ಗೆರೆ. ಇನ್ನು ಹೊನ್ನು ಎಂಬ ಮಾತು. ತೆಂಗಡಕೆಗಳ ಹೂಗೊಂಚಲನ್ನು ನಾವು ಹೊಂಬಾಳೆಯೆನ್ನುತ್ತೇವೆ. ಅಲ್ಲಿ ಲೋಹವಿಲ್ಲ, ಇಲ್ಲಿಯೂ ಬೇಕಿಲ್ಲ.

ದೂರದೇಶದ ಒಂದು ನಿದರ್ಶನವು ಇದನ್ನು ದೃಢಪಡಿಸುವುದು. ಯೂರೋಪಿನ ಮೊಲ್ದಾವಿಯದ ಹಳ್ಳಿಗಳಲ್ಲಿ ಹೊಸ ವರ್ಷದ ಹಿಂದಿನ ಸಂಜೆ ಹುಡುಗರು ಶೃಂಗರಿಸಿದ ನೇಗಿಲೊಂದನ್ನು ಕೊಂಡು, ಚಾವಟಿಗಳನ್ನು ಬೀಸುತ್ತ ಮನೆಮನೆಗೆ ಹೋಗಿ, ಉಳುಮೆಯಿಂದ ರೊಟ್ಟಿಯವರೆಗಿನ ಕೆಲಸವನ್ನೆಲ್ಲ ವರ್ಣಿಸಿ ಹರಸುವರು. ಇದಕ್ಕೆ ಪ್ಲುಗುಶೋರ್, ಅಂದರೆ ಪುಟ್ಟ ನೇಗಿಲು, ಎಂದು ಹೆಸರು. ನೆರೆಯ ಉಕ್ರೇನಿನಲ್ಲಿ ಹೊಸ ವರ್ಷದ ಬೆಳಗ್ಗೆ ಹುಡುಗರು ಮನೆಯೊಳಗೆ ಕಾಳು ಚೆಲ್ಲಿ ಬಿತ್ತನೆಯನ್ನು ಅಭಿನಯಿಸುವರು. ಆ ಕಾಲ ಅಲ್ಲಿ ನಡುಚಳಿಗಾಲ. ಉಳುವ ಬಿತ್ತುವ ಹೊತ್ತಲ್ಲ. ನಮ್ಮಲ್ಲಿ ಬಿಸಿಲಿಗೆ ಬಿರಿದ ನೆಲ, ಅವರಲ್ಲಿ ಹಿಮಕ್ಕೆ ಗಟ್ಟಿಯಾದ ನೆಲ. ಎರಡೆಡೆಯೂ ನೇಗಿಲು ಬೆಳೆಗಿಂತ ಮೊದಲು ವರ್ಷವನ್ನು ಅರಸಿ ಬರುತ್ತದೆ. ಆ ಒಕ್ಕಲುಮಕ್ಕಳು ಪರಾಶರನನ್ನು ಓದಿದವರಲ್ಲ. ದುಡಿಮೆಯೇ ಈ ಆಚಾರಗಳನ್ನು ಕಲಿಸಿತೆನ್ನಬೇಕು.

ಇದರಿಂದ ಶಾಸ್ತ್ರಕ್ಕೆ ಕುಂದಿಲ್ಲ. ಮುಂದಾಳನ್ನು ಆರಿಸುವುದು ಪಂಚಾಂಗ, ಸಾಲನ್ನೆಳೆಯುವುದು ಊರು; ಎರಡೂ ಹೊನ್ನಾರಿನಲ್ಲಿ ಸೇರಿವೆ. ಗ್ರಂಥವೇ ಮೂಲ, ಹಳ್ಳಿಯದು ಅದರ ಅಪಭ್ರಂಶವೆಂಬ ನಮ್ಮ ಪಂಡಿತವರ್ಗದ ಅಭ್ಯಾಸವಾದರೋ ತಪ್ಪು. ಟ್ರಾಕ್ಟರು ಬಂದು ಎತ್ತಿನ ಜೋಡಿಗಳು ವಿರಳವಾಗುತ್ತಿವೆ. ಗ್ರಂಥವು ಅಚ್ಚಾಗಿ ಉಳಿದಿದೆ. ಕೃಷಿಪರಾಶರವನ್ನು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯು 1960ರಲ್ಲಿ ಪ್ರಕಟಿಸಿತು. ಹೊನ್ನಾರಿಗೆ ಉಳುವವನ ನೆನಪೇ ಗ್ರಂಥ. ಊರೂರಿನ ಕ್ರಮವನ್ನು ಅವರ ಬಾಯಿಂದಲೇ ಕೇಳಿ, ಅವರ ಮಾತಿನಲ್ಲಿಯೇ ಬರೆದಿಡುವ ಕೆಲಸವನ್ನು ಸಾಹಿತ್ಯಾಧ್ಯಾಪಕರು ಕೈಕೊಳ್ಳಬೇಕೆಂದು ವಿಜ್ಞಾಪನೆ.