ಮೈಸೂರು ಮಹಾರಾಜರ ದುಡ್ಡು, ಲಂಡನ್ನಿನ ಹಾಡು, ಸವೆದ ಡಿಸ್ಕು

ಇಯರ್‌ಫೋನ್ ಇದ್ದರೆ ಹಾಕ್ಕೊಳ್ಳಿ. ಇವತ್ತಿನ ಸಂಚಿಕೆ ಒಂದು ಕೆಟ್ಟ ರೆಕಾರ್ಡಿಂಗ್ ಬಗ್ಗೆ.

ಮೊದಲ ಸಲ ಇದನ್ನು ಕೇಳಿದಾಗ ನನ್ನ ಇಯರ್‌ಫೋನೇ ಕೆಟ್ಟಿದೆ ಅಂದ್ಕೊಂಡೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಹಾಗೆ ಪಟಪಟ ಸದ್ದು. ಅದರ ಹಿಂದೆ, ಬಾಗಿಲು ಮುಚ್ಚಿದ ಕೋಣೆಯೊಳಗೆ ಅನ್ನೋ ಹಾಗೆ, ಒಬ್ಬರು ಹಾಡ್ತಾ ಇದ್ದಾರೆ. ಸುತ್ತ ದೊಡ್ಡ ಆರ್ಕೆಸ್ಟ್ರಾ. ಆಮೇಲೆ ಅದೇ ರಾತ್ರಿಯ ಅದೇ ಹಾಡಿನ ರೀಮಾಸ್ಟರ್ ಆದ ಆವೃತ್ತಿ ಕೇಳಿದೆ. ಮಳೆ ಪೂರ್ತಿ ನಿಂತಿರಲಿಲ್ಲ, ಆದರೆ ಬಾಗಿಲು ತೆರೆದಿತ್ತು.

ಯಾವ ರಾತ್ರಿ ಅದು? 1950ರ ಮೇ 22. ಜಾಗ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಆಗ 54 ವರ್ಷ. ನುಡಿಸಿದ್ದು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ನಡೆಸಿದವರು ಜರ್ಮನಿಯ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಕೃತಿ, ರಿಚರ್ಡ್ ಸ್ಟ್ರೌಸ್ ಬರೆದ 'ನಾಲ್ಕು ಕೊನೆಯ ಹಾಡುಗಳು'. ಸ್ಟ್ರೌಸ್ ಇವನ್ನು 1948ರಲ್ಲಿ, ತಮ್ಮ 84ನೇ ವಯಸ್ಸಿನಲ್ಲಿ ಬರೆದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅಂದರೆ ಈ ಹಾಡುಗಳು ಮೊದಲ ಸಲ ವೇದಿಕೆಗೆ ಬಂದಾಗ ಬರೆದವರೇ ಇರಲಿಲ್ಲ.

ಸಭೆಯಲ್ಲಿ ಇಲ್ಲದ ಇನ್ನೊಬ್ಬರಿದ್ದರು. ಅವರು ನಮ್ಮೂರಿನವರು: ಜಯಚಾಮರಾಜ ಒಡೆಯರ್.

23 ಸಾವಿರ ರೂಪಾಯಿಯ ಗ್ಯಾರಂಟಿ

ಒಡೆಯರ್ ಅಂದರೆ ನಮಗೆ ದಸರಾ, ಅಂಬಾರಿ, ಅರಮನೆ. ಕರ್ನಾಟಕ ಸಂಗೀತ ಗೊತ್ತಿರೋರಿಗೆ 'ಶ್ರೀವಿದ್ಯಾ' ಅಂಕಿತದ 94 ಕೃತಿಗಳು. ಆದರೆ ಅವರು ಪಿಯಾನೋ ಕಲಿತವರು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದವರು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ನೇ ವಯಸ್ಸಿಗೆ ಪಟ್ಟ ಹೆಗಲಿಗೆ ಬಿತ್ತು. ಸಂಗೀತದ ಹುಚ್ಚು ಮಾತ್ರ ಬಿಡಲಿಲ್ಲ. ಅವರ ಹತ್ತಿರ ಸುಮಾರು 20,000 ರೆಕಾರ್ಡ್‌ಗಳಿದ್ದವು ಅನ್ನೋದು ಆಗಿನ ಅಂದಾಜು.

ಈ ಕಛೇರಿಗೆ ಅವರು 4,800 ಡಾಲರ್ ಗ್ಯಾರಂಟಿ ಕೊಟ್ಟರು. ಬಿ.ಕಾಂ ಓದಿದವನಿಗೆ ಕಣ್ಣು ಮೊದಲು ಹೋಗೋದೇ ಇಲ್ಲಿಗೆ. ಆಗ ಡಾಲರಿಗೆ 4 ರೂಪಾಯಿ 76 ಪೈಸೆಯ ಲೆಕ್ಕ, ಹತ್ತಿರ ಹತ್ತಿರ 23 ಸಾವಿರ ರೂಪಾಯಿ. ಗ್ಯಾರಂಟಿ ಅಂದರೆ ದಾನ ಅಲ್ಲ. ಟಿಕೆಟ್ ಮಾರಾಟ ಆಗದೆ ನಷ್ಟ ಬಂದರೆ ಹೊರೆ ನನ್ನದು ಅನ್ನೋ ಮಾತು. ಬದಲಿಗೆ ಅವರು ಬಯಸಿದ್ದು ಇಷ್ಟೇ: ಹಾಡುಗಳನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕು. ಆ ರಾತ್ರಿಯ ದನಿ ಇವತ್ತು ನಮ್ಮ ಫೋನಿನಲ್ಲಿ ಸಿಗೋದರ ಹಿಂದೆ ಆ ಬಯಕೆಯೂ ಇದೆ.

ಡಿಸ್ಕ್ ಸವೆದದ್ದು ಹೇಗೆ?

ರೆಕಾರ್ಡ್ ಮಾಡಿದ್ದು ಅಸಿಟೇಟ್ ಡಿಸ್ಕ್‌ಗಳ ಮೇಲೆ. ಅಲ್ಯೂಮಿನಿಯಂ ತಟ್ಟೆ, ಮೇಲೊಂದು ಮೆತ್ತಗಿನ ಲ್ಯಾಕರ್ ಲೇಪ. ಹಾಡ್ತಾ ಇರುವಾಗಲೇ ಯಂತ್ರ ಅದರಲ್ಲಿ ಗೀರು ಕೊರೆಯುತ್ತೆ. ಫ್ಯಾಕ್ಟರಿಗೆ ಕಳಿಸೋದೇ ಬೇಡ, ತಕ್ಷಣ ಹಾಕಿ ಕೇಳಬಹುದು. ತೊಂದರೆ ಏನಂದ್ರೆ, ಲೇಪ ಮೆತ್ತಗಿರೋದರಿಂದ ಪ್ರತಿ ಸಲ ಮುಳ್ಳು ಇಟ್ಟಾಗಲೂ ಗೀರು ಸ್ವಲ್ಪ ಸವೆಯುತ್ತೆ. ಕೇಳಿದಷ್ಟೂ ಕಳೆದುಹೋಗುವ ವಸ್ತು ಅದು.

ಸವೆಯೋದರಲ್ಲೂ ಒಂದು ಕ್ರಮ ಇದೆ. ಗೀರಿನ ತುಂಬಾ ಸಣ್ಣ ಅಲೆಗಳು ಮೊದಲು ಹೋಗುತ್ತವೆ. ಅವು ಎತ್ತರದ ಸ್ವರಗಳು: ಪಿಟೀಲಿನ ಹೊಳಪು, ಹಾಡೋರ 'ಸ', 'ತ'ಗಳ ಅಂಚು. ಸರ್ರನೆಯ ಗದ್ದಲ ಬಂದು ಕೂರೋದೂ ಅದೇ ಜಾಗದಲ್ಲಿ. ಈ ಡಿಸ್ಕ್‌ಗಳಿಂದ ಮೊದಲ ಸಲ ಎಲ್‌ಪಿ ಮಾಡುವ ಹೊತ್ತಿಗೇ ಅವು ಬಹಳ ಸವೆದಿದ್ದವು. ಆ ಎಲ್‌ಪಿಯ ಧ್ವನಿ ತುಂಬಾ ಕಳಪೆ ಅಂತಲೇ ಹೆಸರಾಯ್ತು. ಮುಂದೆ ಡಿಜಿಟಲ್ ತಂತ್ರಜ್ಞಾನ ಬಳಸಿ, 2007ರಲ್ಲಿ ಟೆಸ್ಟಮೆಂಟ್ ಕಂಪನಿಗಾಗಿ ರಾಜರ್ ಬಿಯರ್ಡ್‌ಸ್ಲಿ, 2014ರಲ್ಲಿ ಪ್ರಿಸ್ಟೀನ್ ಆಡಿಯೋಗಾಗಿ ಆಂಡ್ರ್ಯೂ ರೋಸ್ ಇದನ್ನು ಮತ್ತೆ ರಿಪೇರಿ ಮಾಡಿದರು.

ಇಂಥ ಹಳೆಯ ಡಿಸ್ಕ್ ಕೈಗೆ ಬಂದರೆ ಏನೇನು ಮಾಡ್ತಾರೆ? ಬೇರೆ ಬೇರೆ ಅಗಲದ ಮುಳ್ಳು ಇಟ್ಟು ನೋಡ್ತಾರೆ. ಹಳೆಯ ಮುಳ್ಳು ತಾಕದ, ಸವೆಯದ ಗೋಡೆ ಗೀರಿನೊಳಗೆ ಇನ್ನೂ ಉಳಿದಿರಬಹುದು. ವೇಗ ಸರಿ ಮಾಡ್ತಾರೆ. ಡಿಸ್ಕ್ 6 ಪರ್ಸೆಂಟ್ ಜೋರಾಗಿ ತಿರುಗಿದರೆ ಇಡೀ ಹಾಡು ಒಂದು ಸ್ವರಸ್ಥಾನ ಮೇಲಕ್ಕೆ ಹೋಗುತ್ತೆ. ಪಟ್ ಅನ್ನೋ ಸದ್ದು ಇರೋದು ಕೆಲವೇ ಮಿಲಿಸೆಕೆಂಡ್. ಅದನ್ನು ಕತ್ತರಿಸಿ, ಅಕ್ಕಪಕ್ಕದ ಧ್ವನಿ ನೋಡಿ ನಡುವಿನ ತೂತಿಗೆ ತೇಪೆ ಹಾಕ್ತಾರೆ.

ಇಲ್ಲಿಯವರೆಗೆ ಜಗಳ ಕಡಿಮೆ. ಜಗಳ ಶುರುವಾಗೋದು ಸರ್ರನೆಯ ಗದ್ದಲ ತೆಗೆಯುವಾಗ. ನಾಲ್ಕನೇ ಹಾಡಿನ ಕೊನೆಯಲ್ಲಿ ಸಂಜೆಯ ಆಕಾಶಕ್ಕೆ ಹಾರುವ ಎರಡು ಬಾನಾಡಿಗಳನ್ನು ಸ್ಟ್ರೌಸ್ ಪುಟ್ಟ ಕೊಳಲುಗಳ ಕಂಪನದಲ್ಲಿ ತೋರಿಸ್ತಾರೆ. ಆ ಹಕ್ಕಿಗಳು ಹಾರೋದೇ ಗದ್ದಲ ಇರೋ ಎತ್ತರದಲ್ಲಿ. ಗದ್ದಲವನ್ನು ಪೂರ್ತಿ ಗುಡಿಸಿದರೆ ಹಕ್ಕಿಗಳೂ ಕಸದ ಜೊತೆ ಹೋಗುತ್ತವೆ. ಸಭಾಂಗಣದ ಗಾಳಿಯೂ ಹೋಗುತ್ತೆ. ಗಾಯಕಿ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕೇಳ್ತಾರೆ.

ಕಂಸ ಇಲ್ಲದ ಪಾಠ

ನನ್ನ ಅಭಿಪ್ರಾಯ ಹೇಳ್ತೀನಿ. ರೀಮಾಸ್ಟರಿಂಗ್ ನಮ್ಮ ಗ್ರಂಥ ಸಂಪಾದನೆ ಇದ್ದ ಹಾಗೆ. ಹುಳ ತಿಂದ ಓಲೆಗರಿಯಲ್ಲಿ ಅಕ್ಷರ ಹೋಗಿದ್ದರೆ, ಸಂಪಾದಕರು ಊಹಿಸಿ ತುಂಬಿ ಅದನ್ನು ಕಂಸದೊಳಗೆ ಹಾಕ್ತಾರೆ. ಇದು ಕವಿಯದಲ್ಲ, ನನ್ನದು ಅಂತ ಓದುಗರಿಗೆ ಗೊತ್ತಾಗುತ್ತೆ. ಧ್ವನಿಯಲ್ಲಿ ಆ ಕಂಸ ಇಲ್ಲ. ತೇಪೆಯೂ ಬಟ್ಟೆಯೂ ಒಂದೇ ಬಣ್ಣ. ಹಾಗಂತ ಬಿಯರ್ಡ್‌ಸ್ಲಿ, ರೋಸ್ ಅಂಥವರ ಕೆಲಸ ಸಣ್ಣದಲ್ಲ. ಅವರಿಲ್ಲದಿದ್ದರೆ ನಾನು ಈ ಹಾಡನ್ನು ಎರಡು ನಿಮಿಷಕ್ಕೆ ನಿಲ್ಲಿಸಿಬಿಡ್ತಿದ್ದೆ. ಆದರೆ ಮೂಲ ಉಳಿದಿರಬೇಕು. ಮುಂದಿನವರು ಬಂದು ಬೇರೆ ಥರ ಓದಬೇಕಲ್ಲ?

ಇದನ್ನು ನಾನು ಕಲಿತದ್ದು ಲಂಡನ್ನಿನಿಂದಲ್ಲ, ನಮ್ಮ ಮನೆಯಿಂದ. ಅಜ್ಜಿ ಜೋಗುಳ ಹಾಡಿದ ಒಂದು ಕ್ಯಾಸೆಟ್ ಇತ್ತು. ಕಂಪ್ಯೂಟರಿಗೆ ಹಾಕ್ಕೊಂಡೆ. 'ಇನ್ನೇನು, ಫೈಲ್ ಇದೆಯಲ್ಲ' ಅಂತ ಕ್ಯಾಸೆಟ್ ಗುಜರಿಗೆ ಹೋಯ್ತು. ಆಮೇಲೆ ಗದ್ದಲ ತೆಗೆಯೋ ಆ್ಯಪ್ ಓಡಿಸಿ ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಫ್ಯಾನ್ ಸದ್ದು ಹೋಯ್ತು, ಹಿಂದೆ ಪಾತ್ರೆ ತೊಳೆಯೋ ಸದ್ದು ಹೋಯ್ತು. ಖುಷಿಯಿಂದ ಅಮ್ಮನಿಗೆ ಕೇಳಿಸಿದೆ. ಅಮ್ಮ ಎರಡು ಸಲ ಕೇಳಿ, 'ಅಜ್ಜಿ ಥರಾನೇ ಇದೆ ಕಣೋ' ಅಂದರು. 'ಥರಾನೇ' ಅಂದಿದ್ದು ನನಗೆ ಅರ್ಥ ಆಯ್ತು. ಸಾಲಿನ ಕೊನೆಯಲ್ಲಿ ಅಜ್ಜಿ ಉಸಿರು ಎಳ್ಕೊಳ್ಳೋದನ್ನೂ ಆ್ಯಪ್ ಗದ್ದಲ ಅಂತ ತೆಗೆದಿತ್ತು. ವಾಪಸ್ ಹೋಗೋಕೆ ಮೂಲ ಇರಲಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲಿ ಕ್ಯಾಸೆಟ್ ಇದ್ದರೆ ಇವತ್ತೇ ಡಿಜಿಟಲ್ ಮಾಡಿ. ಮೊದಲ ಫೈಲ್ ಮುಟ್ಟಬೇಡಿ, ಕಾಪಿ ಮೇಲೆ ಕೆಲಸ ಮಾಡಿ. ಕ್ಯಾಸೆಟ್ ಎಸೆಯಬೇಡಿ. ಮತ್ತೆ 1950ರ ಆ ರಾತ್ರಿಯನ್ನು ಕೇಳಿ. ರೀಮಾಸ್ಟರ್ ಆದದ್ದನ್ನು ಮೊದಲು, ಹಳೆಯದು ಸಿಕ್ಕರೆ ಅದನ್ನು ಆಮೇಲೆ. ಮಳೆಯ ಸದ್ದಿನ ನಡುವೆ ಆ ಎರಡು ಹಕ್ಕಿಗಳು ಕಿವಿಗೆ ಬಿದ್ದರೆ ನನಗೆ ಬರೆದು ತಿಳಿಸಿ.